ಶನಿವಾರದ ಮನೆ

ನಮಗೆ ಆಡಲು ಬರುತ್ತಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು, ಅಂಜನಮೂರ್ತಿ, ಇನ್ನೂ ಹತ್ತು ಹನ್ನೆರಡು ಜನ ಗೆರೆಯ ಆಚೆ ನಿಂತು ಗಂಟಲು ಹರಿದುಕೊಳ್ಳುವವರು. ಸಾವಿರದ ಒಂಬೈನೂರ ಐವತ್ತೈದರಲ್ಲಿ ತುಮಕೂರಿನ ನಮ್ಮ ಕಾಲೇಜಿನ ಬಾಲ್ ಬ್ಯಾಡ್ಮಿಂಟನ್ ತಂಡ ಎಲ್ಲಿಗೆ ಹೋದರೂ ಹಿಂದೆಯೇ ಹೋಗುತ್ತಿದ್ದೆವು. ಆಡುವವರು ಐದು ಜನ. ಅವರ ಬ್ಯಾಟು ಹೊರಲು, ಅವರಿಗೆ ನಿಂಬೆಹಣ್ಣಿನ ಪಾನಕ ಮಾಡಿಕೊಡಲು, ಎದುರಿನವರನ್ನು ಗೇಲಿ ಮಾಡಲು ನಾವೊಂದು ದಂಡು. ಗೆದ್ದರೆ ನಾವೇ ಗೆದ್ದವರ ಹಾಗೆ ಬಿ.ಎಚ್. ರಸ್ತೆಯಲ್ಲಿ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದೆವು. ಸೋತರೆ ತಪ್ಪು ಅಂಪೈರಿನದು.

ತಂಡದ ಜೀವಾಳ ಅನಂತರಾಮ. ಸಣಕಲು ಹುಡುಗ, ಕಡಬದವನು. ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಹಳದಿ ಉಣ್ಣೆಯ ಚೆಂಡು ಯಾವ ಮೂಲೆಗೆ ಬಂದರೂ ಅಲ್ಲಿಗೆ ಅದಕ್ಕಿಂತ ಮೊದಲೇ ಹೋಗಿ ನಿಂತಿರುತ್ತಿದ್ದ. ಅವನ ತಂದೆ ಪುರೋಹಿತರು. ಕಣ್ಣು ಮಂಜಾದ ಮೇಲೆ ಪೌರೋಹಿತ್ಯವೂ ಹೆಚ್ಚುಕಡಿಮೆ ನಿಂತುಹೋಗಿತ್ತು. ಮಗ ಇಂಟರ್‌ಮೀಡಿಯಟ್ ಪಾಸು ಮಾಡಿದರೆ ತಾಲ್ಲೂಕು ಕಛೇರಿಯಲ್ಲಿ ಗುಮಾಸ್ತೆ ಕೆಲಸಕ್ಕೆ ಸೇರಿಸುತ್ತೇನೆಂದು ನೆಂಟರೊಬ್ಬರು ಮಾತು ಕೊಟ್ಟಿದ್ದರು. ಕಡಬದ ಆ ಮನೆಯಲ್ಲಿ ಎಲ್ಲರೂ ಬರುವ ಮಾರ್ಚಿನ ಪರೀಕ್ಷೆಗೆ ಕಾದು ಕುಳಿತಿದ್ದರು.

ತುಮಕೂರಿನಲ್ಲಿ ಅವನಿಗೆ ವಾರಾನ್ನ. ಈಗಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಓದಲು ಬಂದ ಬಡ ಬ್ರಾಹ್ಮಣರ ಹುಡುಗರಿಗೆ ಊರಿನ ಏಳು ಮನೆಯವರು ವಾರಕ್ಕೊಂದು ದಿನದಂತೆ ಊಟ ಹಾಕುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಇನ್ನೊಂದು ದಿನದ ಮನೆಗೆ ಹೋಗಿ ಕೇಳುವ ಹಾಗಿಲ್ಲ. ಅನಂತರಾಮ ಮಲಗುತ್ತಿದ್ದದ್ದು ಒಬ್ಬ ವಕೀಲರ ಮನೆಯ ಹೊರಕೋಣೆಯಲ್ಲಿ. ಅವನ ಓದು, ಆಟ, ಮುಂದಿನ ಗುಮಾಸ್ತೆ ಕೆಲಸ, ಎಲ್ಲವೂ ನಿಂತಿದ್ದದ್ದು ಆ ಏಳು ಮನೆಗಳ ಮೇಲೆ.

ನನ್ನದು ಬೇರೆ ಕಥೆ. ಗುಬ್ಬಿಯಲ್ಲಿ ನಮ್ಮಪ್ಪನಿಗೆ ಕೊಬ್ಬರಿ ವ್ಯಾಪಾರ. ನಾವು ಲಿಂಗಾಯತರು. ತುಮಕೂರಿನಲ್ಲಿ ನಮ್ಮ ಜನದ ಹಾಸ್ಟೆಲಿನಲ್ಲಿದ್ದೆ. ಎರಡು ಹೊತ್ತು ಮುದ್ದೆ ಸಾರು ಗಂಟೆ ಬಾರಿಸಿ ಹಾಕುತ್ತಿದ್ದರು, ನಾವು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ಮಾಡುತ್ತಿದ್ದೆವು. ಊಟ ಎಂಬುದು ಒಂದು ದಿನ ಇಲ್ಲದಿರಬಹುದು ಎಂಬ ಯೋಚನೆಯೇ ನನಗೆ ಹತ್ತೊಂಬತ್ತು ವರ್ಷದವರೆಗೂ ಬಂದಿರಲಿಲ್ಲ. ಇದನ್ನು ಸಮಜಾಯಿಷಿ ಎಂದು ಹೇಳುತ್ತಿಲ್ಲ, ಇದ್ದದ್ದು ಹೀಗೆ.

ಗುಬ್ಬಿಯ ಟೂರ್ನಮೆಂಟಿನ ಫೈನಲ್ ಕಾರ್ತಿಕದ ಒಂದು ಭಾನುವಾರ. ಎದುರಿಗೆ ಕುಣಿಗಲ್ಲಿನ ಒಂದು ಕ್ಲಬ್ಬು. ಇಬ್ಬರು ಮೇಷ್ಟ್ರು, ಇಬ್ಬರು ಗುಮಾಸ್ತರು, ಕುದುರೆ ಫಾರಂನಲ್ಲಿ ಕೆಲಸಕ್ಕಿದ್ದ ಒಬ್ಬ. ಮೀಸೆ ನರೆತವರೂ ಇದ್ದರು. ಈ ಮುದುಕರನ್ನು ಸೋಲಿಸುವುದೇನು ಮಹಾ ಎಂದು ನಾವು ಬೆಳಗಿನ ರೈಲಿನಲ್ಲೇ ಜೈಕಾರ ಹಾಕಿಕೊಂಡು ಹೊರಟೆವು.

ಗುಬ್ಬಿಯಲ್ಲಿ ತಂಡದವರನ್ನೆಲ್ಲ ನಮ್ಮ ಮನೆಗೇ ಕರೆದುಕೊಂಡು ಹೋದೆ. ಅವ್ವ ದೊಡ್ಡ ಪಾತ್ರೆ ತುಂಬ ಉಪ್ಪಿಟ್ಟು ಮಾಡಿಟ್ಟಿದ್ದಳು. ಎಲ್ಲರೂ ಒಳಗೆ ಕುಳಿತು ಬಡಿಸಿಕೊಂಡು ತಿಂದರು. ಅನಂತರಾಮ ಮಾತ್ರ ಜಗುಲಿ ಬಿಟ್ಟು ಏಳಲಿಲ್ಲ.

"ನೀನ್ಯಾಕಪ್ಪಾ ಅಲ್ಲೇ ಕೂತೆ?" ಎಂದು ಅವ್ವ ಕೇಳಿದಳು.

"ಊಟ ಮುಗಿಸ್ಕೊಂಡೇ ಬಂದಿದೀನಿ ಅಮ್ಮ."

ಬ್ರಾಹ್ಮಣರ ಹುಡುಗ, ನಮ್ಮ ಮನೆಯಲ್ಲಿ ಬೇಯಿಸಿದ್ದು ಮುಟ್ಟುವುದಿಲ್ಲ ಎಂದು ಅವ್ವನಿಗೆ ಗೊತ್ತು. ಬಲವಂತ ಮಾಡಲಿಲ್ಲ. ಎರಡು ಬಾಳೆಹಣ್ಣು ತಂದು ಕೊಟ್ಟಳು. ಒಂದನ್ನು ತಿಂದ, ಇನ್ನೊಂದನ್ನು ಜೇಬಿಗೆ ಹಾಕಿಕೊಂಡ. ನನ್ನ ಕಣ್ಣಿಗೆ ಅದು ಬಿತ್ತು. ತಲೆಗೆ ಹೋಗಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಆಟ ಶುರುವಾಯಿತು. ಮೊದಲ ಗೇಮು ನಮ್ಮದು, ಇಪ್ಪತ್ತೊಂಬತ್ತಕ್ಕೆ ಇಪ್ಪತ್ತು. ಎರಡನೆಯದನ್ನು ಮೂರು ಪಾಯಿಂಟಿನಲ್ಲಿ ಕಳೆದುಕೊಂಡೆವು. ಮೂರನೆಯದರಲ್ಲಿ ಅನಂತರಾಮನಿಗೆ ಏನೋ ಆಯಿತು. ಚೆಂಡು ಪಕ್ಕದಲ್ಲೇ ಬೀಳುತ್ತಿತ್ತು, ಅವನು ಬ್ಯಾಟು ಕೆಳಗೆ ಬಿಟ್ಟುಕೊಂಡು ಅದನ್ನು ನೋಡುತ್ತಿದ್ದ. ಒಂದು ಸಲ ಇಲ್ಲದ ಚೆಂಡಿಗೆ ಬ್ಯಾಟು ಬೀಸಿದ. ಕುಣಿಗಲ್ಲಿನವರು ನಕ್ಕರು. ಮುದುಕರು ಮೆಲ್ಲಗೆ, ಒಂದೊಂದಾಗಿ, ಎಲ್ಲ ಚೆಂಡನ್ನೂ ಅವನ ಕಡೆಗೇ ಹಾಕತೊಡಗಿದರು. ಹನ್ನೊಂದು ಪಾಯಿಂಟಿಗೆ ನಾವು ಮುಗಿದೆವು. ನನ್ನ ಊರಿನಲ್ಲಿ, ನನ್ನಪ್ಪನ ಕಣ್ಣೆದುರಿಗೆ ಸೋತೆವು. ನನಗೆ ಆದ ಅವಮಾನ ಆಟಗಾರರಿಗೂ ಆಗಿರಲಿಕ್ಕಿಲ್ಲ.

ಸಂಜೆ ರೈಲಿನಲ್ಲಿ ಯಾರೂ ಅವನ ಹತ್ತಿರ ಕೂರಲಿಲ್ಲ. ಬಾಗಿಲ ಬಳಿ ಒಬ್ಬನೇ ನಿಂತಿದ್ದ. ನಾನು ಬೈಯುವುದಕ್ಕೆಂದೇ ಎದ್ದು ಹೋದೆ.

"ಏನಾಯ್ತೋ ನಿಂಗೆ?"

"ಕಣ್ಣು ಕತ್ಲೆ ಬಂತು."

"ಯಾಕೆ, ಜ್ವರಾನಾ?"

ಅವನು ಆಚೆ ನೋಡುತ್ತಲೇ ಹೇಳಿದ. "ನಿನ್ನೆಯಿಂದ ಊಟ ಇಲ್ಲ ಕಣೋ ರೇವಣ್ಣ. ಶನಿವಾರದ ಮನೆ ಬೀಗ ಹಾಕಿತ್ತು. ಭಾನುವಾರದ ಮನೇಲಿ ಊಟ ಹನ್ನೊಂದು ಗಂಟೆಗೆ, ನಾನು ಬೆಳಗ್ಗೇನೇ ರೈಲಿಗೆ ಬಂದ್ಬಿಟ್ಟೆ."

ಅವನು ಜೇಬಿಗೆ ಕೈ ಹಾಕಿ ಬಾಳೆಹಣ್ಣು ತೆಗೆದ. ಆಟದಲ್ಲಿ ಅದು ಅಪ್ಪಚ್ಚಿಯಾಗಿತ್ತು. ಅದನ್ನೇ ಸುಲಿದು ತಿಂದ.

"ಯಾರಿಗೂ ಹೇಳ್ಬೇಡ ಕಣೋ," ಎಂದ.

"ಹೇಳಲ್ಲ ಬುಡು," ಎಂದೆ.

ಆ ಮಾತನ್ನು ನಾನು ಸರಿಯಾಗಿ ಐದು ದಿನ ಉಳಿಸಿಕೊಂಡೆ.

ಗುರುವಾರ 'ಶಿಂಷಾ ಸಮಾಚಾರ' ಬಂತು. ತುಮಕೂರಿನ ಚಿಕ್ಕಪೇಟೆಯಲ್ಲಿ ಅಚ್ಚಾಗುತ್ತಿದ್ದ ನಾಲ್ಕು ಪುಟದ ವಾರಪತ್ರಿಕೆ. ಮಳೆ, ಮದುವೆ, ಪುರಸಭೆಯ ಜಗಳ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಊರಿನ ಓದುಬರಹ ಬಲ್ಲವರೆಲ್ಲ ಅದನ್ನು ಓದುತ್ತಿದ್ದರು. ಮೂರನೆಯ ಪುಟದಲ್ಲಿ 'ಪ್ರೇಕ್ಷಕ' ಎಂಬ ಹೆಸರಿನಲ್ಲಿ ಗುಬ್ಬಿಯ ಆಟದ ವರದಿ ಇತ್ತು. ಕುಣಿಗಲ್ಲಿನವರನ್ನು ಹೊಗಳಿ ಆದ ಮೇಲೆ ಈ 'ಪ್ರೇಕ್ಷಕ'ರು ನಮ್ಮ ಕಡೆಗೆ ತಿರುಗಿದ್ದರು:

"ಕಾಲೇಜಿನ ಯುವಕರು ಮೊದಲ ಗೇಮ್ ಗೆದ್ದೊಡನೆ ತಮ್ಮ ಕೆಲಸ ಮುಗಿಯಿತೆಂದು ಭಾವಿಸಿದಂತಿತ್ತು. ಅದರಲ್ಲಿಯೂ ಹಿಂದಿನ ಸಾಲಿನ ಶ್ರೀ ಅನಂತರಾಮ್ ಗುಬ್ಬಿಯ ಆತಿಥ್ಯವನ್ನು ಹೊಟ್ಟೆ ಬಿರಿಯುವಂತೆ ಸವಿದು ಬಂದಿದ್ದರೋ ಏನೋ, ಚೆಂಡನ್ನು ಆಡುವ ಬದಲು ನೋಡುತ್ತ ನಿಂತಿದ್ದರು. ಉಂಡ ಮೇಲೆ ತೂಕಡಿಕೆ ಸಹಜ. ಆದರೆ ಅದಕ್ಕೆ ಚಾಪೆ ಬೇಕು, ಅಂಕಣವಲ್ಲ."

ಕಾಲೇಜಿನ ಗೇಟಿನ ಮುಂದೆ ಅಂಜನಮೂರ್ತಿ ಇದನ್ನು ಗಟ್ಟಿಯಾಗಿ ಓದಿದ. ಅಂಜನಮೂರ್ತಿ ಎಂದರೆ ನಮ್ಮ ದಂಡಿನ ಗಂಟಲು. ನಿಟ್ಟೂರಿನವನು, ರೈಲಿನ ಸದ್ದಿನ ಪಕ್ಕದಲ್ಲಿ ಬೆಳೆದವನಾದ್ದರಿಂದ ಮೆಲ್ಲಗೆ ಮಾತಾಡುವುದು ಅವನಿಗೆ ಅಭ್ಯಾಸವೇ ಇರಲಿಲ್ಲ. ಓದುತ್ತ ಓದುತ್ತ ಅವನ ಮುಖ ಕೆಂಪಾಯಿತು. ಹತ್ತು ಪ್ರತಿ ಕೊಂಡು ತಂದು ಗೇಟಿನ ಮುಂದೆಯೇ ಸುಟ್ಟೆವು. ಸುಡುವುದಕ್ಕೆಂದು ನಾವು ಕೊಂಡದ್ದರಿಂದ ಆ ವಾರ ಪತ್ರಿಕೆ ಎಂದಿಗಿಂತ ಹೆಚ್ಚು ಖರ್ಚಾಯಿತು ಎಂದು ಆಮೇಲೆ ತಿಳಿಯಿತು. ಏನು ಸುಡುತ್ತಿದ್ದಾರೆ ಎಂದು ನೋಡಲು ಬಂದವರು ತಾವೂ ಒಂದೊಂದು ಕೊಂಡು ಓದಿದರು. ಅಲ್ಲಿಯವರೆಗೆ ಆಟದ ಸುದ್ದಿಯೇ ಗೊತ್ತಿಲ್ಲದವರು ಕೂಡ ಅನಂತರಾಮನನ್ನು ಕಂಡರೆ "ಚಾಪೆ ಬೇಕೇನೋ" ಎನ್ನತೊಡಗಿದರು.

ಶುಕ್ರವಾರ ಹದಿನಾಲ್ಕು ಜನ ಸೇರಿಕೊಂಡು ಅಚ್ಚುಕೂಟಕ್ಕೆ ನುಗ್ಗಿದೆವು. ಸಂಪಾದಕ ಚಂದ್ರಶೇಖರಯ್ಯನವರು ಒಂದು ಲಗ್ನಪತ್ರಿಕೆಯ ಕರಡು ತಿದ್ದುತ್ತಿದ್ದರು. ತಲೆಯೆತ್ತಿ ನಮ್ಮನ್ನು ಎಣಿಸಿ ನೋಡಿ ಕನ್ನಡಕ ತೆಗೆದಿಟ್ಟರು.

"ನಿಂತ್ಕೊಳ್ಳೋಕೂ ಜಾಗ ಇಲ್ವಲ್ಲಪ್ಪ. ಒಬ್ರು ಮಾತಾಡಿ."

"ಪ್ರೇಕ್ಷಕ ಯಾರು ಸಾರ್? ಹೆಸ್ರು ಹೇಳಿ," ಎಂದ ಅಂಜನಮೂರ್ತಿ.

"ಹೆಸರು ಹೇಳೋ ಹಾಗಿದ್ರೆ ಅವರೇ ಹಾಕ್ಕೋತಿದ್ರು. ಬರೆದದ್ರಲ್ಲಿ ಸುಳ್ಳಿದೆಯಾ? ಆ ಹುಡುಗ ಚೆಂಡು ಬಿಡ್ಲಿಲ್ವಾ?"

"ಬುಟ್ಟ. ಅದಕ್ಕೆ ಕಾರಣ ಇರ್ತದೆ."

"ಹಾಗಾದ್ರೆ ಕಾರಣ ಬರೀರಿ. ಒಂದಕ್ಷರ ಬಿಡದೆ ಹಾಕ್ತೀನಿ. ಸುಟ್ರೆ ಯಾರಿಗೆ ಏನು ತಿಳಿಯತ್ತೆ?"

ಜಗಳಕ್ಕೆಂದು ಹೋದವರಿಗೆ ಜಗಳ ಸಿಗಲಿಲ್ಲ. ಹಾಸ್ಟೆಲಿನ ಜಗುಲಿಯ ಮೇಲೆ ಕಾಗದ, ಲೇಖನಿ ಇಟ್ಟುಕೊಂಡು ಕುಳಿತೆವು. ಕಾರಣ ಏನೆಂದು ಬರೆಯುವುದು? ಅಂಪೈರು ಕುಣಿಗಲ್ಲಿನವರ ನೆಂಟ ಎಂದು ಒಬ್ಬ ಹೇಳಿದ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದು ಇನ್ನೊಬ್ಬ. ಅಂಜನಮೂರ್ತಿ ಲೇಖನಿ ಕೆಳಗಿಟ್ಟು, "ಸುಮ್ಕಿರ್ರಲಾ. ಅವ್ನು ನಿಜವಾಗ್ಲೂ ತಿಂದು ಬಂದು ತೂಕಡಿಸಿದ ಅಂತ ಕಾಣ್ತದೆ. ಇವ್ನ ಮನೇಲಿ ಉಪ್ಪಿಟ್ಟಂತೂ ಇತ್ತು," ಎಂದ.

ಅಷ್ಟು ಸಾಕಾಯಿತು ನನಗೆ.

"ಅವನು ಶನಿವಾರದಿಂದ ಏನೂ ತಿಂದಿರಲಿಲ್ಲ ಕಣ್ರಲಾ," ಎಂದೆ. ರೈಲಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅಂಜನಮೂರ್ತಿಯ ಕಣ್ಣಲ್ಲಿ ನೀರು ಬಂತು. ಆಮೇಲೆ ಲೇಖನಿ ಎತ್ತಿ ನನ್ನ ಕೈಗೆ ಕೊಟ್ಟ. ನನ್ನ ಕನ್ನಡ ಚೆನ್ನಾಗಿದೆ ಎಂದು ಪ್ರೊಫೆಸರು ತರಗತಿಯಲ್ಲಿ ಹೇಳಿದ್ದರು. ಆ ಹೊಗಳಿಕೆಯೇ ನನಗೆ ಮುಳುವಾಯಿತು.

ಬರೆದೆ. ಬರೆಯುತ್ತ ಬರೆಯುತ್ತ ನನಗೇ ಮೈ ಜುಮ್ಮೆಂದಿತು. "ಪ್ರೇಕ್ಷಕ ಮಹಾಶಯರು ಹೊಟ್ಟೆ ಬಿರಿಯುವ ಮಾತನ್ನಾಡಿದ್ದಾರೆ. ಆ ಹೊಟ್ಟೆ ಒಂದೂವರೆ ದಿನದಿಂದ ಬರಿದಾಗಿತ್ತೆಂಬುದು ಅವರಿಗೆ ತಿಳಿಯದು. ವಾರಾನ್ನವನ್ನು ನಂಬಿ ವಿದ್ಯೆ ಕಲಿಯುತ್ತಿರುವ ನಮ್ಮ ಅನಂತರಾಮನು ಅಂದು ಶನಿವಾರದ ಮನೆಗೆ ಹೋದಾಗ, ಉಳ್ಳವರ ಆ ಬಾಗಿಲು ಹಸಿದ ವಿದ್ಯಾರ್ಥಿಯ ಮುಖದ ಮೇಲೆ ಬೀಗ ಜಡಿದುಕೊಂಡಿತ್ತು. ಸೋತದ್ದು ನಮ್ಮ ತಂಡವಲ್ಲ, ಈ ಊರಿನ ಧರ್ಮ." ಕೊನೆಯ ಸಾಲನ್ನು ಅಂಜನಮೂರ್ತಿ ಮೂರು ಸಲ ಓದಿಸಿಕೊಂಡು ಕೇಳಿದ.

ಯಾರ ಮನೆ ಎಂದು ಬರೆಯಲಿಲ್ಲ. ಹೆಸರು ಹಾಕದಿದ್ದ ಮೇಲೆ ಯಾರಿಗೆ ಏನು ಗೊತ್ತಾಗುತ್ತದೆ ಎಂದುಕೊಂಡೆವು. ನಮ್ಮಲ್ಲಿ ಒಬ್ಬನಿಗೂ ವಾರಾನ್ನದ ಬೀದಿಗಳ ಪರಿಚಯವಿರಲಿಲ್ಲ. ಯಾವ ಹುಡುಗನಿಗೆ ಯಾವ ದಿನ ಯಾರ ಮನೆ ಎಂಬುದು ಅಲ್ಲಿ ಪಂಚಾಂಗದಲ್ಲಿ ಬರೆದಿಟ್ಟಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಶನಿವಾರದ ಮನೆ ಎಂದರೆ ಸಾಕು, ಮನೆಯ ನಂಬರು ಹೇಳಿದ ಹಾಗೆ.

ಚಂದ್ರಶೇಖರಯ್ಯನವರು ಕಾಗದವನ್ನು ಎರಡು ಸಲ ಓದಿದರು.

"ಇದನ್ನ ಹಾಕ್ಲೇಬೇಕಾ?"

"ಹಾಕ್ತೀನಿ ಅಂದಿದ್ರಲ್ಲ ಸಾರ್."

"ಹಾಕ್ತೀನಿ. ಆ ಹುಡುಗನ್ನ ಕೇಳಿದೀರಾ?"

ಅವರು ನನ್ನನ್ನೇ ನೋಡುತ್ತಿದ್ದರು. ಆ ಅನುಮಾನವೇ ನನಗೆ ಸಿಟ್ಟು ತರಿಸಿತು.

"ಕೇಳಿದೀವಿ," ಎಂದೆ.

ಮುಂದಿನ ಗುರುವಾರ ಪತ್ರ ಮೊದಲ ಪುಟದಲ್ಲೇ ಬಂತು. ಕಾಲೇಜಿನಲ್ಲಿ ನಮ್ಮನ್ನು ಹೊತ್ತುಕೊಂಡು ಮೆರೆಸುವುದೊಂದು ಬಾಕಿ. ಕನ್ನಡದ ಪ್ರೊಫೆಸರು ಕೊನೆಯ ಸಾಲನ್ನು ಕರಿಹಲಗೆಯ ಮೇಲೆ ಬರೆಸಿದರು. ನಮ್ಮ ಪ್ರಕಾರ ಗುಬ್ಬಿಯ ಆಟವನ್ನು ನಾವು ಅಂದು ಗೆದ್ದೆವು. ಅನಂತರಾಮ ಮಾತ್ರ ಅಂದು ತರಗತಿಗೆ ಬರಲಿಲ್ಲ. ನಾಚಿಕೆ ಸ್ವಭಾವದವನು, ಎರಡು ದಿನದಲ್ಲಿ ಸರಿಹೋಗುತ್ತಾನೆ ಎಂದುಕೊಂಡೆವು.

ಸರಿಹೋಗಲಿಲ್ಲ. ಮೊದಲು ಮಂಗಳವಾರದ ಮನೆ ತಪ್ಪಿತು. ಅಲಮೇಲಮ್ಮನವರ ಮನೆ ಅದು. ಅವರು ಕೆಟ್ಟವರಲ್ಲ, ಹೆದರಿದರು ಅಷ್ಟೇ. ಅವನು ಹೋದಾಗ ಎಲೆ ಹಾಕಿ ಊಟ ಬಡಿಸಿ, ಕೈ ತೊಳೆದ ಮೇಲೆ ಹೇಳಿದರಂತೆ: "ಮಗು, ಮುಂದಿನ ವಾರದಿಂದ ಬೇರೆ ಮನೆ ನೋಡ್ಕೋಪ್ಪ. ನಾಳೆ ನಮ್ಮನೆ ಸಾರು ನೀರಾಗಿತ್ತು ಅಂತ ಪೇಪರ್‌ನಲ್ಲಿ ಬಂದ್ರೆ ನಾನು ಯಾರಿಗೆ ಮುಖ ತೋರ್ಸ್ಲಿ?" ಬುಧವಾರದ ಮನೆಯವರಿಗೆ ಇದ್ದಕ್ಕಿದ್ದ ಹಾಗೆ ನೆಂಟರು ಬಂದರು, ಬಂದವರು ಹೋಗಲೇ ಇಲ್ಲ. ಗುರುವಾರದ ಮನೆಯ ಯಜಮಾನರು ಆರೋಗ್ಯದ ನೆಪ ಹೇಳಿದರು. ಮಾರ್ಗಶಿರ ಮುಗಿಯುವ ಹೊತ್ತಿಗೆ ಸೋಮವಾರ ಒಂದು ಉಳಿದಿತ್ತು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಅವನು ಏನಾದರೂ ಹೇಳಿಕೊಳ್ಳಬಹುದಿತ್ತು.

ಶನಿವಾರದ ಮನೆ ಕೌಸಲ್ಯಮ್ಮನವರದು. ಗಂಡ ಸೀತಾರಾಮಯ್ಯ, ಮಕ್ಕಳಿರಲಿಲ್ಲ. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತ ಹೆಂಗಸರು ಆ ಅಮ್ಮ ಬಂದರೆ ಮಾತು ನಿಲ್ಲಿಸುತ್ತಿದ್ದರಂತೆ. ಇಬ್ಬರೇ ಇರುವ ಮನೆ, ಒಬ್ಬ ಹುಡುಗನಿಗೆ ಹಿಡಿ ಅನ್ನ ಹಾಕಲು ಕೈ ಬರಲಿಲ್ಲವೇ ಎಂದು ಬೆನ್ನ ಹಿಂದೆ ಆಡಿಕೊಂಡರು. ಇದು ನನ್ನ ಕಿವಿಗೂ ಬಿತ್ತು. ಸರಿಯಾಗೇ ಆಯಿತು ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಅನಂತರಾಮ ವಾರದಲ್ಲಿ ಒಂದೇ ದಿನ ಉಣ್ಣುತ್ತಿದ್ದಾನೆ ಎಂದು ನಮಗೆ ಗೊತ್ತಾದದ್ದು ಜನವರಿಯಲ್ಲಿ, ಅವನು ಲೈಬ್ರರಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ ಮೇಲೆ. ದಂಡೆಲ್ಲ ಸೇರಿ ಒಂದು ಏರ್ಪಾಡು ಮಾಡಿದೆವು. ಸ್ಟೇಷನ್ ರಸ್ತೆಯ ಬ್ರಾಹ್ಮಣರ ಹೋಟೆಲಿನಲ್ಲಿ ಪರೀಕ್ಷೆ ಮುಗಿಯುವವರೆಗೆ ಎರಡು ಹೊತ್ತೂ ಊಟ, ದುಡ್ಡು ನಮ್ಮದು, ಅವನು ಹೋಗಿ ಕುಳಿತರೆ ಸಾಕು. ಇದನ್ನು ಹೇಳಲು ನಾನೊಬ್ಬನೇ ಹೋದೆ. ವಕೀಲರ ಮನೆಯ ಹೊರಕೋಣೆಯಲ್ಲಿ ಅವನು ಪುಸ್ತಕಗಳನ್ನು ಹಳೆಯ ಪಂಚೆಯಲ್ಲಿ ಕಟ್ಟುತ್ತಿದ್ದ.

ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ, "ಬೇಡ ಕಣೋ," ಎಂದ.

"ಯಾಕೋ? ಹೋಟ್ಲು ನಿಮ್ಮೋರ್ದೇ. ಇನ್ನೇನು ಎರಡು ತಿಂಗಳು. ಪರೀಕ್ಷೆ ಮುಗಿಸ್ಕೊಂಡು ಹೋಗು."

"ನಿಮ್ಮ ಅನ್ನ ತಿಂದು ನಾನು ಫೇಲಾದ್ರೆ, ಆಗೇನು ಬರೀತೀರ?"

ಅವನು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವವನ ಹಾಗೆ ಕೇಳಿದ.

"ನಿನ್ನ ಮರ್ಯಾದೆ ಉಳಿಸೋಕೆ ಬರ್ದಿದ್ದು ಕಣೋ," ಎಂದೆ.

"ನನ್ನ ಮರ್ಯಾದೇನಾ? ತಿಂದು ತೂಕಡಿಸಿದ ಅಂದ್ರೆ ನಂಗೇನಾಗ್ತಿತ್ತು ರೇವಣ್ಣ? ನಾಲ್ಕು ದಿನ ನಗ್ತಿದ್ರು." ಪಂಚೆಯ ಗಂಟು ಬಿಗಿದು ಅದರ ಮೇಲೆ ಕೈಯಿಟ್ಟು ಕುಳಿತ. "ಉಳ್ಳವರ ಬಾಗಿಲು ಅಂತ ಬರ್ದೆಯಲ್ಲ. ಸೀತಾರಾಮಯ್ಯನವರಿಗೆ ಮಿಲ್ಲಿನ ಕೆಲಸ ಹೋಗಿ ಆಗ್ಲೇ ಮೂರು ತಿಂಗಳಾಗಿತ್ತು. ಯಾರಿಗೂ ಹೇಳಿರ್ಲಿಲ್ಲ. ದಿನಾ ಕೋಟು ಹಾಕ್ಕೊಂಡು ಮನೆ ಬಿಡ್ತಿದ್ರು, ಕೆರೆ ಏರಿ ಮೇಲೆ ಕೂತಿದ್ದು ಸಂಜೆ ಬರ್ತಿದ್ರು."

"ನಿಂಗೆ ಹೇಗೆ ಗೊತ್ತು?"

"ಏರಿ ಮೇಲೆ ಅವರನ್ನ ನಾನೇ ನೋಡ್ದೆ. ಶನಿವಾರ ನಂಗೆ ಬಡಿಸೋವಾಗ ಆ ಅಮ್ಮ, ನಮಗಿವತ್ತು ಒಪ್ಪತ್ತು, ನೀನು ಊಟ ಮಾಡು ಅಂತಿದ್ರು. ಒಪ್ಪತ್ತಲ್ಲ ಕಣೋ. ಮನೇಲಿ ಇದ್ದದ್ದೇ ಅಷ್ಟು. ಗೊತ್ತಾಗಿ ಒಂದಿನ ಹೋಗ್ಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಆ ಅಮ್ಮ ಇಲ್ಲಿಗೇ ಹುಡುಕ್ಕೊಂಡು ಬಂದ್ರು, ಎಲೆ ಹಾಕಿ ಕಾಯ್ತಿದೀನಿ ಅಂತ. ಆಮೇಲೆ ತಪ್ಪಿಸ್ಲಿಲ್ಲ."

ಗಂಟನ್ನು ಗೋಡೆಯ ಕಡೆಗೆ ಸರಿಸಿ ಅವನು ಮತ್ತೆ ಹೇಳಿದ. "ಅವತ್ತು ಬೀಗ ನೋಡಿ ಆಂಜನೇಯನ ಗುಡಿ ಕಡೆ ಬಂದೆ. ಇಬ್ರೂ ಅಲ್ಲಿ ಕಂಬದ ಹಿಂದೆ ಕೂತಿದ್ರು. ಶನಿವಾರ ಅಲ್ವಾ, ಗುಡೀಲಿ ಕೂತ್ರೆ ಯಾರೂ ಯಾಕೆ ಅಂತ ಕೇಳಲ್ಲ. ನಾನು ಬಂದು ಬರಿಗೈಲಿ ವಾಪಸ್ ಹೋಗೋದನ್ನ ನೋಡಕ್ಕಾಗ್ದೆ ಬೀಗ ಹಾಕ್ಕೊಂಡು ಬಂದವ್ರು. ನನ್ನ ಕಂಡ್ರೆ ಎಲ್ಲಿ ಸಂಕಟಪಡ್ತಾರೋ ಅಂತ ಹಾಗೇ ಹಿಂದಕ್ಕೆ ಬಂದ್ಬಿಟ್ಟೆ."

ಮರುದಿನ ಬೆಳಗಿನ ಬಸ್ಸಿಗೆ ಅವನು ಕಡಬಕ್ಕೆ ಹೊರಟುಹೋದ. ಗಂಟು ಹೊತ್ತುಕೊಳ್ಳುತ್ತೇನೆಂದು ಹೋದ ನನಗೆ ಹೊರಲು ಬಿಡಲಿಲ್ಲ. ಬ್ಯಾಟನ್ನು ಕೋಣೆಯ ಮೊಳೆಗೆ ನೇತುಹಾಕಿ ಬಂದಿದ್ದ. ಅದು ಕಾಲೇಜಿನದು, ವಾಪಸು ಕೊಟ್ಟುಬಿಡು ಎಂದ. ಬಸ್ಸು ಹತ್ತುವಾಗ "ಪರೀಕ್ಷೆಗೆ ಬರ್ತೀಯೇನೋ?" ಎಂದು ಕೇಳಿದೆ. ಕೇಳಬಾರದಿತ್ತು. ಅವನು ಕಿಟಕಿಯ ಪಕ್ಕ ಕುಳಿತು ಇನ್ನೊಂದು ಕಡೆ ನೋಡಿದ.

ಅಂದು ಇಡೀ ದಿನ ಕುಳಿತು ಇನ್ನೊಂದು ಪತ್ರ ಬರೆದೆ. ಈ ಸಲ ಅಲಂಕಾರ ಇರಲಿಲ್ಲ. ಹಿಂದಿನ ಪತ್ರದಲ್ಲಿ ಬರೆದದ್ದು ತಪ್ಪು, ಶನಿವಾರದ ಮನೆಯವರು ಉಳ್ಳವರಲ್ಲ, ತಾವು ಉಪವಾಸವಿದ್ದು ಹುಡುಗನಿಗೆ ಬಡಿಸಿದವರು, ಅಂದು ಅವರ ಮನೆಯಲ್ಲಿ ಅಕ್ಕಿ ಇರಲಿಲ್ಲ, ಅವರ ಕ್ಷಮೆ ಬೇಡುತ್ತೇನೆ, ಇಂತಿ ರೇವಣಸಿದ್ದಯ್ಯ. ಇದು ಅಚ್ಚಾದರೆ ಆ ಅಮ್ಮನಾದರೂ ತಲೆಯೆತ್ತಿ ನಲ್ಲಿಗೆ ಹೋಗುತ್ತಾರೆ ಎಂದು ನನ್ನ ಆಸೆ.

ಚಂದ್ರಶೇಖರಯ್ಯನವರು ಓದಿ ಕಾಗದವನ್ನು ಮೇಜಿನ ಮೇಲಿಟ್ಟರು. ನನಗೆ ಅವರ ಪ್ರಶ್ನೆ ಮೊದಲೇ ಗೊತ್ತಿತ್ತು.

"ಕೇಳಿದೀಯೇನಪ್ಪ ಅವರನ್ನ?"

"ಇಲ್ಲ ಸಾರ್."

"ಹಿಂದಿನದಕ್ಕೆ?"

"ಅದಕ್ಕೂ ಇಲ್ಲ."

ಅವರು ಬೈಯುತ್ತಾರೆಂದು ಕಾದೆ. ಕಾಗದ ಮಡಿಸಿ ನನ್ನ ಕೈಗೆ ಕೊಟ್ಟು, "ಹಾಕಿದವನು ನಾನು," ಎಂದಷ್ಟೇ ಹೇಳಿ ಕನ್ನಡಕ ಹಾಕಿಕೊಂಡರು. "ಈ ಸಲ ಕೇಳ್ಕೊಂಡು ಬಾ."

ಕೌಸಲ್ಯಮ್ಮನವರ ಮನೆ ಒಂದು ಓಣಿಯ ಕೊನೆಯಲ್ಲಿತ್ತು. ಶುಕ್ರವಾರ ಮಧ್ಯಾಹ್ನ. ಬಾಗಿಲು ತೆರೆದೇ ಇತ್ತು, ಆ ಅಮ್ಮ ಹಜಾರದಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು, ಸಣ್ಣ ಆಳು. ನಾನು ಹೊಸಲಿನ ಆಚೆಯೇ ನಿಂತೆ.

"ಯಾರಪ್ಪ ನೀನು?"

"ಅನಂತರಾಮನ ಫ್ರೆಂಡು ಅಮ್ಮ. ಕಾಲೇಜಲ್ಲಿ ಜೊತೆಗೆ ಓದೋನು." ಜೇಬಿನಿಂದ ಪತ್ರ ತೆಗೆದೆ. "ಪೇಪರ್‌ಗೆ ಬರ್ದೋನು ನಾನೇ."

ಅಕ್ಕಿಯಲ್ಲಿದ್ದ ಅವರ ಬೆರಳು ನಿಂತಿತು. ಆಮೇಲೆ ಮತ್ತೆ ಆರಿಸತೊಡಗಿದರು. "ನೀನಾ. ವಯಸ್ಸಾದವರು ಯಾರೋ ಅಂದ್ಕೊಂಡಿದ್ದೆ," ಎಂದರು.

ನಾನು ಅಲ್ಲಿಯೇ ನಿಂತು ಪತ್ರವನ್ನು ಓದಿದೆ. ತಪ್ಪು ಒಪ್ಪಿಕೊಂಡದ್ದನ್ನು, ಉಪವಾಸದ ವಿಷಯವನ್ನು, ಅಕ್ಕಿ ಇರಲಿಲ್ಲ ಎಂಬ ಸಾಲನ್ನು ಓದಿದೆ. ಅಲ್ಲಿಗೆ ಬಂದಾಗ ಅವರು ಎದ್ದು ಬಂದು ಓಣಿಯ ಎರಡೂ ಕಡೆ ನೋಡಿದರು. ಯಾರೂ ಇರಲಿಲ್ಲ.

"ಇದನ್ನ ಅನಂತು ಹೇಳಿದ್ನಾ?"

"ಹೌದಮ್ಮ."

"ಅವನಿಗೆ ಗೊತ್ತಿತ್ತಾ?" ಧ್ವನಿ ತೀರ ಇಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡರು. "ಗೊತ್ತಿದ್ದೂ ಉಣ್ತಿದ್ನಾ, ಪಾಪ."

"ಇದು ಬಂದ್ರೆ ಜನ ನಿಮ್ಮ ವಿಷಯ ತಪ್ಪು ತಿಳ್ಕೊಳ್ಳೋದು ನಿಲ್ತದೆ ಅಮ್ಮ. ಗುರುವಾರವೇ ಹಾಕ್ತಾರೆ."

"ಬೇಡ."

"ಜಿಪುಣರು ಅಂತಿದಾರೆ ನಿಮ್ಮನ್ನ."

"ಅನ್ಲಿ ಬಿಡಪ್ಪ. ಇದ್ದೂ ಹಾಕ್ಲಿಲ್ಲ ಅಂತ ಅಂದ್ಕೊಳ್ಳಲಿ. ಇರ್ಲಿಲ್ಲ ಅಂತ ಗೊತ್ತಾಗೋದು ಬೇಡ." ಅವರು ಕೈ ಚಾಚಿದರು. ನಾನು ಪತ್ರವನ್ನು ಕೊಟ್ಟೆ. ಅದನ್ನು ನಾಲ್ಕು ಚೂರು ಮಾಡಿ, ಆ ಚೂರುಗಳನ್ನೂ ಹೊರಗೆ ಎಸೆಯದೆ ಒಳಗೆ ಒಯ್ದು ಒಲೆಗೆ ಹಾಕಿದರು. "ಯಜಮಾನರಿಗೆ ಇದು ತಿಳಿದ್ರೆ ಬದುಕಲ್ಲ. ಅವರು ಈಗ್ಲೂ ಕೋಟು ಹಾಕ್ಕೊಂಡೇ ಹೋಗ್ತಾರೆ."

ನಾನು ಬರೆದು ಕೆಡಿಸಿದ್ದನ್ನು ಇನ್ನೊಂದು ಬರೆದು ಸರಿಮಾಡುವ ದಾರಿಯೇ ಇರಲಿಲ್ಲ. ಕೈಮುಗಿದು ಹೊರಟೆ.

"ನಿಲ್ಲಪ್ಪ," ಎಂದು ಅವರು ಹಿಂದಿನಿಂದ ಕರೆದರು. ಬಾಗಿಲ ತನಕ ಬಂದರು. ಮುಖದಲ್ಲಿ ಆಗ ಸ್ವಲ್ಪ ಗೆಲುವಿತ್ತು. "ಹೋದ ಸೋಮವಾರದಿಂದ ಅವರಿಗೆ ಕುಣಿಗಲ್ಲಲ್ಲಿ ಕೆಲಸ ಸಿಕ್ಕಿದೆ, ಬಸ್ಸಲ್ಲಿ ಹೋಗಿ ಬರ್ತಾರೆ. ನೋಡು, ಅಕ್ಕಿ ಬಂದಿದೆ. ಪೇಪರ್‌ನಲ್ಲಿ ಬಂದಾಗಿನಿಂದ ಆ ಮಗು ಈ ಕಡೆ ತಲೆ ಹಾಕಿಲ್ಲ. ಮುಖ ತೋರ್ಸೋಕೆ ನಾಚಿಕೆ ಅಂತ ಕಾಣತ್ತೆ. ನಾವೇನೂ ಮನಸ್ಸಿನಲ್ಲಿ ಇಟ್ಕೊಂಡಿಲ್ಲ ಅಂತ ಹೇಳು. ನಾಳೆ ಶನಿವಾರ. ಹುಳಿ ಮಾಡ್ತೀನಿ, ಅವನಿಗೆ ಇಷ್ಟ. ಹನ್ನೊಂದು ಗಂಟೆಗೆ ಬರ್ಲಿ, ಕಾಯ್ತಿರ್ತೀನಿ ಅಂತ ಹೇಳ್ತೀಯಾ?"

ಅನಂತರಾಮ ಊರು ಬಿಟ್ಟು ಮೂರು ದಿನವಾಗಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಳ್ತೀನಮ್ಮ," ಎಂದೆ.